"ಅವಳು ಬಂತು" ಬಿಡಿಸಿದ ಸಿನಿಮಾ

ಬೆಂಗಳೂರಿನಲ್ಲಿ ಹೊರರಾಜ್ಯದವರಿಗೆ ಕನ್ನಡ ಕಲಿಸುವವರಿಗೆಲ್ಲ ಈ ಕಾಟ ಗೊತ್ತು. "ಅವಳು ಬಂತು", "ಅವನು ಹೋಯ್ತು". ಬಂಗಾಳಿಗಳಲ್ಲಿ ಇದು ಜಾಸ್ತಿ. ಅವರ ಭಾಷೆಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಸರ್ವನಾಮ, ಒಂದೇ ಕ್ರಿಯಾಪದ. ಮಲಯಾಳಿಗಳು ಅವನು, ಅವಳು ಸರಿಯಾಗಿ ಹೇಳಿ ಕ್ರಿಯಾಪದದಲ್ಲಿ ಎಡವುತ್ತಾರೆ. ಜಾಣರು ಎಲ್ಲರಿಗೂ "ಅವರು ಬಂದರು" ಎಂದು ಹೇಳಿ ಜಾರಿಕೊಳ್ಳುತ್ತಾರೆ.

ಕೋಷ್ಟಕ ಬಾಯಿಪಾಠ ಮಾಡಿಸಿದರೆ ವಾರದಲ್ಲಿ ಮರೆತರು. ಕಾಮಿಡಿ ದೃಶ್ಯ ಹಾಕಿದರೆ ಮಂಗಳಮುಖಿಯರನ್ನು ಆಡಿಕೊಳ್ಳುವ ಮಾತನ್ನೇ ಮೊದಲು ಕಲಿತರು. ಪ್ರೊಜೆಕ್ಟರ್ ಬಾಡಿಗೆ ದಿನಕ್ಕೆ ಐನೂರು, ಆರುನೂರು ಸುಮ್ನೆ ಹೋಯಿತು. ಬ್ಯಾಚಿನ ಅರ್ಧ ಜನ ನಡುವೆಯೇ ಬಿಟ್ಟರು.

ಆಮೇಲೆ ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ಹಿಡಿದೆ. ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ, 2015ರಲ್ಲಿ ತೆರೆಕಂಡ ಸಿನಿಮಾ. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದದ್ದು ಇದೇ. "ಆಟೋದವರ ಹತ್ರ ಮಾತಾಡೋಕೆ ಕಲಿಯೋರಿಗೆ ಇದ್ಯಾಕೆ ಮೇಡಂ?" ಎಂದರು ಜೊತೆಯವರು.

ಪೂರ್ತಿ ಸಿನಿಮಾ ತೋರಿಸಿದಾಗ ಎಲ್ಲರ ಕೈಗೂ ಮೊಬೈಲ್ ಬಂತು. ಮೂರು, ನಾಲ್ಕು ನಿಮಿಷದ ತುಣುಕನ್ನು ದನಿ ಇಲ್ಲದೆ ಹಾಕಿ, ನಡೆದದ್ದನ್ನು ಅವರೇ ಹೇಳಲಿ ಎಂದು ಬಿಟ್ಟಾಗ ಕ್ಲಾಸಿಗೆ ಜೀವ ಬಂತು. ವಿದ್ಯಾಳನ್ನು ಎಲ್ಲರೂ ಮಾದೇಶ ಎಂದೇ ಕರೆಯುತ್ತಿದ್ದ ಬಾಲ್ಯದ ದೃಶ್ಯದಲ್ಲಿ ಓಡಿದನೋ, ಓಡಿದಳೋ? ಜಗಳವೇ ಶುರು. ಆ ಜಗಳದಲ್ಲೇ ಎರಡೂ ರೂಪ ಬಾಯಿಗೆ ಕೂತವು. ನನ್ನ ನಿಯಮ ಒಂದೇ: ತಾನು ಹೆಣ್ಣು ಎಂದು ಅವಳೇ ಹೇಳಿದ ಮೇಲೆ ಮೊದಲ ದೃಶ್ಯದಿಂದಲೂ 'ಓಡಿದಳು'.

ನಿಜವಾಗಿ ಕೆಲಸ ಮಾಡಿದ್ದು ಇನ್ನೊಂದು. ಒಬ್ಬ ಟ್ರಾನ್ಸ್ ಮಹಿಳೆಯನ್ನು ಒಂದು ಗಂಟೆಗೆ ಕರೆಸಿದೆ. ಎರಡು ಸಾವಿರದ ಹತ್ತಿರ ಕೊಟ್ಟೆ, ಆಟೋ ಖರ್ಚು ಬೇರೆ. "ಬೀದಿಯಲ್ಲಿ ನಮ್ಮನ್ನು ನೋಡಿ 'ಅದು ಬಂತು' ಅಂತಾರೆ" ಎಂದರು. ಯಾರೂ ಉಸಿರೆತ್ತಲಿಲ್ಲ. ಅಂದಿನಿಂದ ಯಾರಾದರೂ "ಅವಳು ಬಂತು" ಎಂದರೆ ಪಕ್ಕದವರೇ ತಿದ್ದುತ್ತಾರೆ. ಅಷ್ಟು ವರ್ಷ ನನ್ನ ಕೆಂಪು ಪೆನ್ನಿಂದ ಆಗದ್ದು ಇದು.

ಹಿಂದಿಯವರಿಗೆ ಬೇರೆ ಆಟ ಆಡಿಸಿದೆ. ವಿದ್ಯಾಳ ಮಾತನ್ನು 'ನಾನು' ಎಂದೇ ಹೇಳಿ ಎಂದೆ. ಹಿಂದಿಯಲ್ಲಿ 'ನಾನು ಬಂದೆ' ಎನ್ನಲೂ ಗಂಡೋ ಹೆಣ್ಣೋ ತೋರಿಸಲೇಬೇಕು. ಕನ್ನಡದಲ್ಲಿ ಮಾದೇಶನಾಗಿದ್ದಾಗಲೂ ವಿದ್ಯಾ ಆದಮೇಲೂ ಅದೇ 'ಬಂದೆ'. ಈ ಆಟ ಅವರಿಗೆ ಬಹಳ ಹಿಡಿಸಿತು.

ಈಗ ಹತ್ತು, ಹನ್ನೆರಡು ಜನರ ಬ್ಯಾಚಿನಲ್ಲಿ ಒಬ್ಬಿಬ್ಬರು ಬಿಟ್ಟರೆ ಹೆಚ್ಚು. ತಲಾ ಮೂರು ಸಾವಿರ ಫೀಸಿನಲ್ಲಿ ಅತಿಥಿಯ ಸಂಭಾವನೆ ಆರಾಮಾಗಿ ಗಿಟ್ಟುತ್ತದೆ. ಅದನ್ನು ಮಾತ್ರ ಉಳಿಸಲು ಹೋಗಬೇಡಿ. ಯಾವ ತುಣುಕನ್ನು ಮೊದಲು ಹಾಕುತ್ತೇನೆ ಎಂದು ಕೇಳಬೇಡಿ, ಹೇಳುವುದಿಲ್ಲ.