ಕಲೆ ನೋಡಿ ನೀರು ಕಾಯಿಸಿ

ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಬಿಸಿನೀರಿಗೆ ಬರವಿಲ್ಲ. ಬಚ್ಚಲ ಒಲೆಗೆ ನಾಲ್ಕು ಹಿಡಿ ಅಡಿಕೆ ಸಿಪ್ಪೆ ತುರುಕಿದರೆ ಹಂಡೆ ಕಾಯುತ್ತಲೇ ಇರುತ್ತದೆ. ಹಾಗಾಗಿ ಬಟ್ಟೆಗೆ ಏನೇ ಕಲೆಯಾದರೂ ಮೊದಲು ಆ ನೀರನ್ನೇ ಸುರಿಯುತ್ತಾರೆ. ಎಷ್ಟೋ ಒಳ್ಳೊಳ್ಳೆ ಬಟ್ಟೆ ಹಾಳಾಗುವುದು ಇಲ್ಲೇ.

ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಉಂಬಳ (ಜಿಗಣೆ) ಕಚ್ಚದೆ ಬಿಡುತ್ತದೆಯೇ? ಅದು ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ, ಪಂಚೆ ತುಂಬಾ ಕೆಂಪು. ಈ ಕಲೆಗೆ ಬಿಸಿನೀರು ತಾಗಿಸಲೇಬೇಡಿ. ರಕ್ತದಲ್ಲಿ ಪ್ರೋಟೀನ್ ಇದೆ. ಬಿಸಿ ತಾಗಿದರೆ ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಕಂದು ಗುರುತು ಉಳಿದೇ ಉಳಿಯುತ್ತದೆ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಹಾಕಿ. ನೀರು ಕೆಂಪಾದರೆ ಚೆಲ್ಲಿ ಬೇರೆ ಹಾಕಿ. ಕೆಂಪು ಬಿಡುವುದು ನಿಂತ ಮೇಲೆ ಸೋಪಿನ ಪುಡಿ. ಕಾರವಾರ, ಅಂಕೋಲೆ ಕಡೆ ಮೀನು ಹೆಚ್ಚುವಾಗ ಸೀರೆಗೆ ಸಿಡಿದ ರಕ್ತಕ್ಕೂ, ಹಾಲು ಮೊಟ್ಟೆ ಚೆಲ್ಲಿದ್ದಕ್ಕೂ ಇದೇ ಕ್ರಮ.

ಈಗಿನ ಎಷ್ಟೋ ಸೋಪಿನ ಪುಡಿಗಳಲ್ಲಿ ಎಂಜೈಮ್ ಇರುತ್ತದೆ, ಪೊಟ್ಟಣದ ಮೇಲೆ ಬರೆದಿರುತ್ತಾರೆ ನೋಡಿ. ಇಂಥ ಕಲೆಯನ್ನು ಕತ್ತರಿಸಿ ಬಿಡಿಸುವುದು ಅದೇ. ಉಗುರು ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕುದಿನೀರಲ್ಲಿ ಸತ್ತೇ ಹೋಗುತ್ತದೆ. ದುಡ್ಡು ಕೊಟ್ಟು ತಂದ ಪುಡಿಯ ಅರ್ಧ ಗುಣವನ್ನು ಸುಮ್ನೆ ಕಳೆದುಕೊಂಡ ಹಾಗಲ್ವಾ?

ಎಣ್ಣೆ ಜಿಡ್ಡಿನ ಲೆಕ್ಕ ಬೇರೆ. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಗೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆ ಬಟ್ಟೆಯ ಮೇಲೂ ಹಾಗೆಯೇ ಕೂತಿರುತ್ತದೆ, ಬಾವಿಯ ತಣ್ಣೀರಿಗೆ ಅಲ್ಲಾಡುವುದಿಲ್ಲ. ತುಪ್ಪದ್ದಂತೂ ಇನ್ನೂ ಹಟ. ಇಲ್ಲಿ ಹಂಡೆಯ ನೀರು ಬೇಕು. ಕೈಯಿಟ್ಟರೆ ಬಿಸಿ ಅನ್ನಿಸಬೇಕು, ಥಟ್ಟನೆ ಕೈ ತೆಗೆಯುವಷ್ಟು ಸುಡಬಾರದು. 40–45 ಡಿಗ್ರಿ ಅನ್ನಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದೆರಡು ಹನಿ ಕಲೆಯ ಮೇಲೇ ತಿಕ್ಕಿ, ಹತ್ತು ನಿಮಿಷ ಬಿಟ್ಟು ಒಗೆಯಿರಿ. ಜಿಡ್ಡು ಕರಗಿದರೆ ತಾನೇ ಸೋಪು ಅದನ್ನು ಹಿಡಿದು ನೀರಿಗೆ ಎಳೆಯುವುದು?

ಅರಿಸಿನಕ್ಕೆ ಸೋಪು ಹಾಕಿದೊಡನೆ ಕೆಂಪಾಗುತ್ತದೆ, ಹೆದರಬೇಡಿ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದ ಹಳದಿಯನ್ನು ತೆಗೆಯುವುದು ಬಿಸಿಲು. ಮಳೆಗಾಲವಾದರೆ ಬಿಸಿಲು ಬರುವ ತನಕ ಕಾಯಿರಿ, ಅವಸರ ಮಾಡಿ ಇಸ್ತ್ರಿ ಹಾಕಬೇಡಿ.

ಅಡಿಕೆ ಚೊಗರು, ಗೇರುಹಣ್ಣಿನ ರಸ, ಬಾಳೆಯ ಸೊನೆ, ಈ ಮೂರೂ ಒಣಗಿ ಕಪ್ಪಾದ ಮೇಲೆ ಯಾವ ನೀರಿಗೂ ಪೂರ್ತಿ ಬಿಡುವುದಿಲ್ಲ. ಹಸಿಯಿದ್ದಾಗಲೇ ತೊಳೆಯಿರಿ. ಅಡಿಕೆ ಸುಲಿಯಲು ಕೂರುವಾಗ ಹಳೇ ಸೀರೆಯನ್ನೇ ಉಡಿ.

ಬಿಸಿನೀರು ಹಾಕುವ ಮೊದಲು ಬಟ್ಟೆಯನ್ನೂ ನೋಡಿ. ರೇಷ್ಮೆ, ಉಣ್ಣೆಗೆ ಅದು ಬೇಡವೇ ಬೇಡ. ಬಣ್ಣದ ಹತ್ತಿ ಸೀರೆಯಾದರೆ ಸೆರಗಿನ ಒಳಮೂಲೆಯನ್ನು ಆ ನೀರಲ್ಲಿ ಅದ್ದಿ ಬಿಳಿ ಬಟ್ಟೆಯಿಂದ ಒತ್ತಿ. ಬಣ್ಣ ಹತ್ತಿದರೆ ತಣ್ಣೀರಲ್ಲೇ ಒಗೆಯಿರಿ.