ಅತಾಹುವಾಲ್ಪನ ಅಂತ್ಯಕ್ರಿಯೆ: ಒಂದು ತೈಲಚಿತ್ರವನ್ನು ನಾನು ನಕಲು ಮಾಡಿದ ಬಗೆ

ಹಳೆಯ ಐತಿಹಾಸಿಕ ತೈಲಚಿತ್ರಗಳನ್ನು ಕೈಯಿಂದಲೇ ನಕಲು ಮಾಡಿಕೊಡುವುದು ನನ್ನ ವೃತ್ತಿ. ದಕ್ಷಿಣ ಅಮೆರಿಕದ ಇಂಕಾ ರಾಜಮನೆತನದ ಚಿತ್ರವೊಂದು ಬೇಕೆಂದು ಗ್ರಾಹಕರೊಬ್ಬರು ಕೇಳಿದಾಗ ನಾನು ಸೂಚಿಸಿದ್ದು ಲೂಯಿಸ್ ಮೊಂಟೆರೊ 1867ರಲ್ಲಿ ಮುಗಿಸಿದ ‘ಅತಾಹುವಾಲ್ಪನ ಅಂತ್ಯಕ್ರಿಯೆ’ಯನ್ನು. ಮೊಂಟೆರೊ ಪೆರುವಿನ ಪಿಯುರಾದಲ್ಲಿ ಹುಟ್ಟಿದವನು. ಆದರೆ ಈ ಚಿತ್ರವನ್ನು ಬರೆದದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿ, ಅಲ್ಲಿನ ಅಕಾಡೆಮಿಗಳ ಶೈಲಿಯಲ್ಲಿ. ಈಗ ಅದು ಲಿಮಾದ ಕಲಾ ಸಂಗ್ರಹಾಲಯದಲ್ಲಿದೆ. ಅಲ್ಲಿ ಮೂಲವನ್ನು ಕಣ್ಣಾರೆ ನೋಡಿ ಬಂದ ಮೇಲೆಯೇ ನಾನು ಕುಂಚ ಹಿಡಿದೆ, ಏಕೆಂದರೆ ಛಾಯಾಚಿತ್ರಗಳಲ್ಲಿ ಇದರ ಕಪ್ಪು ಭಾಗಗಳೆಲ್ಲ ಒಂದರೊಳಗೊಂದು ಮುಳುಗಿಹೋಗುತ್ತವೆ.

ಯಾವ ಗಳಿಗೆಯನ್ನು ಬರೆಯುತ್ತಿದ್ದೇನೆ ಎಂಬುದು ತಿಳಿಯದೆ ಒಂದು ಮುಖದ ಭಾವವೂ ಕೈಗೆ ಸಿಕ್ಕುವುದಿಲ್ಲ. 1532ರ ನವೆಂಬರ್ 16ರಂದು ಪೆರುವಿನ ಕಹಾಮಾರ್ಕದಲ್ಲಿ ಸ್ಪೇನಿನ ದಂಡನಾಯಕ ಫ್ರಾನ್ಸಿಸ್ಕೊ ಪಿಸಾರೊನ ಕೈಗೆ ಸೆರೆಸಿಕ್ಕ ಇಂಕಾ ದೊರೆ ಅತಾಹುವಾಲ್ಪ, ಬಿಡುಗಡೆಗಾಗಿ ಒಂದು ಕೋಣೆಯ ತುಂಬ ಚಿನ್ನ ಕೊಡುವುದಾಗಿ ಒಪ್ಪಿ, ರಾಶಿ ರಾಶಿ ಚಿನ್ನ ತರಿಸಿಕೊಟ್ಟರೂ ಬದುಕಿ ಉಳಿಯಲಿಲ್ಲ. 1533ರಲ್ಲಿ ಅವನಿಗೆ ಮರಣದಂಡನೆಯಾಯಿತು. ಕ್ರೈಸ್ತನಾಗುವ ದೀಕ್ಷಾಸ್ನಾನಕ್ಕೆ ಒಪ್ಪಿದ್ದರಿಂದ ಅವನನ್ನು ಜೀವಂತ ಸುಡುವ ಬದಲು ಕತ್ತು ಹಿಸುಕಿ ಕೊಂದರು. ದೊರೆಯ ದೇಹವನ್ನು ಕಾಪಿಟ್ಟು ಪೂಜಿಸುವ ಇಂಕಾ ಜನರಿಗೆ ದೇಹ ಬೂದಿಯಾಗುವುದೆಂದರೆ ಸಾವಿಗಿಂತ ದೊಡ್ಡ ಕೇಡು. ಅವನಿಗೆ ಕ್ರೈಸ್ತ ವಿಧಿಯಂತೆ ಅಂತ್ಯಕ್ರಿಯೆ ನಡೆಯುತ್ತಿದ್ದಾಗ ಅವನ ಮಡದಿಯರೂ ಸೋದರಿಯರೂ ಒಳನುಗ್ಗಿ, ತಾವೂ ಅವನೊಡನೆ ಸಾಯುತ್ತೇವೆಂದು ಗೋಳಿಟ್ಟರಂತೆ. ಮೊಂಟೆರೊ ಆರಿಸಿಕೊಂಡದ್ದು ಇದೇ ಗಳಿಗೆಯನ್ನು. ಬಲಕ್ಕೆ ಶವಮಂಚ, ಪಾದ್ರಿಗಳು, ಕಪ್ಪು ಉಡುಪಿನ ಪಿಸಾರೊ. ಎಡಕ್ಕೆ ನುಗ್ಗಿ ಬರುವ ಹೆಂಗಸರು, ಅವರನ್ನು ತಡೆಯುವ ಕೈಗಳು.

ಮೂಲಚಿತ್ರ 350 ಸೆಂ.ಮೀ. ಎತ್ತರ, 537 ಸೆಂ.ಮೀ. ಅಗಲವಿದೆ. ನಾನು ಅದನ್ನು ಐದನೆಯ ಒಂದಕ್ಕೆ ಇಳಿಸಿಕೊಂಡು, 70 ಸೆಂ.ಮೀ. ಎತ್ತರ, 107.4 ಸೆಂ.ಮೀ. ಅಗಲದ ಲಿನನ್ ಕ್ಯಾನ್ವಾಸ್ ಬಿಗಿಸಿದೆ. ಅದರ ಮೇಲೆ 10 ಸೆಂ.ಮೀ.ನ ಚೌಕಗಳನ್ನು ಎಳೆದರೆ ಒಂದೊಂದು ಚೌಕವೂ ಮೂಲದ 50 ಸೆಂ.ಮೀ.ಗೆ ಸಮನಾಗುತ್ತದೆ. ಪ್ರೊಜೆಕ್ಟರ್‌ನಲ್ಲಿ ಚಿತ್ರ ಬಿಟ್ಟು ಗೆರೆ ಎಳೆದುಕೊಳ್ಳುವವರಿದ್ದಾರೆ, ಅದರಿಂದ ಕೆಲಸ ಬೇಗ ಆಗುವುದೂ ನಿಜ. ಆದರೆ ಇಷ್ಟು ಜನ ಒತ್ತೊತ್ತಾಗಿ ನಿಂತಿರುವ ಚಿತ್ರದಲ್ಲಿ ಯಾವ ತೋಳು ಯಾರದು ಎಂಬುದನ್ನು ಕಣ್ಣಿನಿಂದಲೇ ಬಿಡಿಸಿಕೊಳ್ಳಬೇಕು, ಅದಕ್ಕೆ ಚೌಕ ಹಾಕಿ ಇದ್ದಿಲಿನಲ್ಲಿ ಬರೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಿಳಿಯ ಕ್ಯಾನ್ವಾಸಿನ ಮೇಲೆ ನೇರವಾಗಿ ಬಣ್ಣ ಹಚ್ಚದೆ, ಮೊದಲು ತೆಳುವಾದ ಅಂಬರ್ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ಕಲಸಿ ಇಡೀ ಮೈಗೆ ಬಳಿದೆ. ಅದು ಒಣಗಿದ ಮೇಲೆ ಅದೇ ಕಂದಿನಲ್ಲಿ ನೆರಳು ಬೆಳಕನ್ನೆಲ್ಲ ಮುಗಿಸಿ, ಆಮೇಲೆ ಬಣ್ಣಕ್ಕೆ ಕೈಹಾಕಿದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು, ಇಲ್ಲವಾದರೆ ದಪ್ಪ ನೆರಳಿನ ಭಾಗಗಳು ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತವೆ.

ಕಪ್ಪು ಬಣ್ಣಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಪಿಸಾರೊನ ಉಡುಪು, ಡೊಮಿನಿಕನ್ ಎಂಬ ಕ್ರೈಸ್ತ ಪಂಗಡದ ಪಾದ್ರಿಯ ಮೇಲಂಗಿ, ಮೂಲೆಯ ಕತ್ತಲೆ ಇವೆಲ್ಲ ಕಪ್ಪೇ, ಆದರೆ ಒಂದೇ ಕಪ್ಪಲ್ಲ. ಟ್ಯೂಬಿನ ಕಪ್ಪನ್ನು ನಾನು ಮುಟ್ಟಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಸುಟ್ಟ ಅಂಬರ್ ಎಂಬ ಗಾಢ ಕಂದು ಬೆರೆಸಿದರೆ ಆಳವಾದ ಕಪ್ಪು ಬರುತ್ತದೆ; ನೀಲಿ ಹೆಚ್ಚಿಸಿದರೆ ಅದು ತಣ್ಣಗೆ ಹಿಂದೆ ಸರಿಯುತ್ತದೆ, ಅಂಬರ್ ಹೆಚ್ಚಿಸಿದರೆ ಬೆಚ್ಚಗೆ ಮುಂದೆ ಬರುತ್ತದೆ. ಪಿಸಾರೊನ ಉಡುಪಿಗೆ ತಣ್ಣನೆಯ ಕಪ್ಪನ್ನೂ, ಮೇಣದ ದೀಪಗಳ ಹತ್ತಿರದ ಬಟ್ಟೆಗಳಿಗೆ ಬೆಚ್ಚನೆಯ ಕಪ್ಪನ್ನೂ ಹಚ್ಚಿದ ಮೇಲೆ ಆ ಗುಂಪು ಪದರಪದರವಾಗಿ ಬಿಡಿಸಿಕೊಂಡಿತು.

ಮೂಲದಲ್ಲಿ ಮುಂದಿರುವ ಆಕೃತಿಗಳು ಹೆಚ್ಚುಕಡಿಮೆ ಆಳೆತ್ತರ ಇರುವುದರಿಂದ, ನನ್ನ ಕ್ಯಾನ್ವಾಸಿನಲ್ಲಿ ಒಂದು ಮುಖಕ್ಕೆ ಸಿಕ್ಕ ಜಾಗ ನಾಲ್ಕೂವರೆ ಸೆಂ.ಮೀ.ಗೂ ಕಡಿಮೆ. ಇಂಥ ಕಡೆ ಕಣ್ಣು, ರೆಪ್ಪೆ ಎಂದು ಬಿಡಿಬಿಡಿಯಾಗಿ ಬರೆಯಹೊರಟರೆ ಮುಖ ಗೊಂಬೆಯಂತಾಗುತ್ತದೆ. ಹುಬ್ಬಿನ ಕೆಳಗಿನ ನೆರಳು, ಮೂಗಿನ ಬದಿ, ತೆರೆದ ಬಾಯಿಯ ಕತ್ತಲು, ಈ ಮೂರನ್ನು ಸರಿಯಾದ ತೂಕದಲ್ಲಿ ಇಟ್ಟರೆ ಅಳು ತಾನಾಗಿ ಮೂಡುತ್ತದೆ.

ಈ ಮುಖಗಳ ವಿಷಯದಲ್ಲೇ ಗ್ರಾಹಕರೊಡನೆ ಚರ್ಚೆಯಾಯಿತು. ಮೊಂಟೆರೊನ ಹೆಂಗಸರು ಆಂಡೀಸ್ ನಾಡಿನವರಂತೆ ಕಾಣುವುದೇ ಇಲ್ಲ. ಅವರ ಮೈಬಣ್ಣ, ಮುಖದ ಕಟ್ಟು ಎಲ್ಲವೂ ಇಟಲಿಯವರದು. ಶವಮಂಚದ ಮೇಲಿನ ದೊರೆ ಮಾತ್ರ ಕಂದು ಮೈಯವನು. “ಹೆಂಗಸರನ್ನೂ ಪೆರುವಿನವರಂತೆ ತಿದ್ದಿ ಬರೆಯಬಹುದಲ್ಲವೇ?” ಎಂದು ಅವರು ಕೇಳಿದರು. ಅವರ ಕಾಳಜಿ ನ್ಯಾಯವಾದದ್ದೇ. ಆದರೂ ನಾನು ಒಪ್ಪಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪೆರುವಿನ ಕಲಾವಿದನೊಬ್ಬ ತನ್ನ ನಾಡಿನ ಕೊನೆಯ ದೊರೆಗಳ ದುರಂತವನ್ನು ಹೇಳಲು ಐರೋಪ್ಯ ಮೈಕಟ್ಟುಗಳನ್ನೇ ಬಳಸಿದ ಎಂಬುದು ಈ ಚಿತ್ರದ ಚರಿತ್ರೆಯ ಮುಖ್ಯ ಭಾಗ. ಅದನ್ನು ಅಳಿಸಿ ಬರೆದರೆ ನನ್ನ ಕೈಯಿಂದ ಬೇರೆಯೇ ಚಿತ್ರ ಹುಟ್ಟುತ್ತದೆ, ಮೊಂಟೆರೊನ ಹೆಸರು ಮಾತ್ರ ಸುಳ್ಳಾಗಿ ಅದಕ್ಕೆ ಅಂಟಿಕೊಂಡಿರುತ್ತದೆ. ಇದನ್ನು ವಿವರಿಸಿದ ಮೇಲೆ ಅವರು ಒಪ್ಪಿದರು, ಮೂಲದ ಹಾಗೆಯೇ ಬರೆದೆ.

ಕ್ಯಾನ್ವಾಸಿನ ಹಿಂಬದಿಯಲ್ಲಿ ಮೂಲ ಕಲಾವಿದನ ಹೆಸರು, 1867 ಎಂಬ ಇಸವಿ, ಮೂಲದ ಅಳತೆ, ಇದು ನಕಲು ಎಂಬ ಮಾತು ಮತ್ತು ನನ್ನ ಸಹಿ ಇವಿಷ್ಟನ್ನೂ ಅಳಿಸದಂತೆ ಬರೆದಿದ್ದೇನೆ. ಹೆಂಗಸರ ಮುಖಗಳ ಬಗ್ಗೆಯೂ ಅಲ್ಲಿ ಎರಡು ಸಾಲು ಇದೆ. ಎದುರುಬದಿಯಲ್ಲಿ ಮೊಂಟೆರೊನ ಸಹಿಯನ್ನು ನಾನು ನಕಲಿಸುವುದಿಲ್ಲ. ಮಳೆಗಾಲದಲ್ಲಿ ಎಣ್ಣೆಬಣ್ಣ ನಿಧಾನವಾಗಿ ಒಣಗುವುದರಿಂದ, ಆರು ತಿಂಗಳು ಕಳೆಯುವವರೆಗೆ ವಾರ್ನಿಷ್ ಹಚ್ಚಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ ಎಂದು ಹೇಳಿ ಚಿತ್ರವನ್ನು ಒಪ್ಪಿಸಿದೆ.