ಕೋರ್ಟು ಸುಟ್ಟ ಕೌಂಟಿಯಲ್ಲಿ ವಂಶದ ಕೊಂಡಿ ಸಿಕ್ಕ ಬಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ಬಕಿಂಗ್‌ಹ್ಯಾಮ್ ಕೌಂಟಿಯ (ಜಿಲ್ಲೆಯ) ಕೋರ್ಟು 1869ರಲ್ಲಿ ಸುಟ್ಟಿತು. ಕ್ರಯಪತ್ರ, ಉಯಿಲು ಹೆಚ್ಚುಕಡಿಮೆ ಎಲ್ಲ ಹೋದವು. ಆ ಕೌಂಟಿಯ 1790, 1800ರ ಜನಗಣತಿಯೂ ಉಳಿದಿಲ್ಲ. ಅಲ್ಲಿ ತಂದೆ–ಮಗನ ಸಂಬಂಧ ಸಾಧಿಸಲಾಗದು ಎಂದು ಪಳಗಿದವರೇ ಹೇಳುತ್ತಿದ್ದರು. ನಾನು ತೆರಿಗೆ ಪಟ್ಟಿಯಿಂದ ಸಾಧಿಸಿದೆ. ಪಟ್ಟಿಯ ಒಂದು ಪ್ರತಿ ರಾಜ್ಯದ ರಾಜಧಾನಿ ರಿಚ್ಮಂಡ್‌ಗೆ ಹೋಗುತ್ತಿದ್ದರಿಂದ 1782ರಿಂದಲೇ ಸಿಗುತ್ತದೆ.

ಸೂಚಿಯಲ್ಲಿ ಹೆಸರು ಹುಡುಕಿ ಒಂದೊಂದು ಸಾಲು ಎತ್ತಿಕೊಂಡರೆ ಏನೂ ದಕ್ಕುವುದಿಲ್ಲ. ವರ್ಷವಾರು ಇಡೀ ಪುಟ ಇಳಿಸಿಕೊಳ್ಳಬೇಕು: ದಾಖಲಿಸಿದ ತಾರೀಖು, ಕುದುರೆ, ದನ, 16 ದಾಟಿದ ಗಂಡಸರು. ಅಕ್ಷರಕ್ರಮದಲ್ಲಿ ಬರೆದ ಪಟ್ಟಿಯಲ್ಲೂ ಒಂದೇ ತಾರೀಖಿನವರು ಬಹುಪಾಲು ನೆರೆಯವರು. ಹುಡುಗ 21ಕ್ಕೆ ಸ್ವಂತ ಹೆಸರಲ್ಲಿ ಬರುತ್ತಾನೆ. ಹುಟ್ಟಿದ ವರ್ಷ ಒಂದೆರಡರ ಆಚೀಚೆ ಸಿಕ್ಕಿತು. 1808ರಲ್ಲಿ ಆ ತೆರಿಗೆಯನ್ನೇ ವಸೂಲು ಮಾಡಲಿಲ್ಲ, ಆ ವರ್ಷ ಹೆಸರಿಲ್ಲವೆಂದು ಸತ್ತನೆನ್ನಬೇಡಿ. ಸೀನಿಯರ್, ಜೂನಿಯರ್ ಎಂದಿದ್ದರೆ ಅಪ್ಪ–ಮಗನೇ ಆಗಬೇಕಿಲ್ಲ, ಚಿಕ್ಕಪ್ಪನೂ ಇರಬಹುದು.

1780ರ ದಶಕದ ಹಲವು ಪಟ್ಟಿಗಳಲ್ಲಿ ಗುಲಾಮರಾಗಿದ್ದವರ ಹೆಸರೂ ಇವೆ. ಒಬ್ಬನ ಲೆಕ್ಕದಲ್ಲಿದ್ದ ಅವೇ ಹೆಸರುಗಳು ಮುಂದೆ ಇನ್ನೊಬ್ಬನ ಲೆಕ್ಕಕ್ಕೆ ಬಂದರೆ ಅದು ಆ ಇಬ್ಬರ ನಂಟಿಗೆ ಗಟ್ಟಿ ಸುಳಿವು. ಆ ಹೆಸರುಗಳನ್ನು ಬಿಡದೆ ಬರೆದುಕೊಳ್ಳಿ. ಅವರ ವಂಶಸ್ಥರಿಗೆ ಸಿಗುವ ದಾಖಲೆ ಬಹಳ ಸಲ ಅದೊಂದೇ.

ಕೊಂಡಿ ಕೂಡಿದ್ದು ಬೇರೆಯೇ ಇದ್ದ ಭೂತೆರಿಗೆ ಪಟ್ಟಿಯಲ್ಲಿ. 1787ಕ್ಕೆ ಮುಂಚೆ ಉಯಿಲಿಲ್ಲದೆ ಸತ್ತವನ ಜಮೀನು ಹಿರಿಮಗನಿಗೆ ಹೋಗುತ್ತಿತ್ತು, ಆಮೇಲೆ ಮಕ್ಕಳಿಗೆಲ್ಲ ಸಮಪಾಲು. ಹಾಗಾಗಿ ಒಂದೇ ವರ್ಷ ಎಕರೆ ಸಮ ಹಿಸ್ಸೆಗಳಾಗಿ ಒಡೆದರೆ ವಾರಸುದಾರರ ಸಂಖ್ಯೆ ಅಲ್ಲೇ ಇದೆ. ವಿಧವೆಯ ಮೂರನೇ ಒಂದು ಪಾಲು ಆಕೆ ಸತ್ತ ಮೇಲೆ ಮತ್ತೆ ಒಡೆಯುತ್ತದೆ, ಎರಡನ್ನೂ ಕೂಡಿಸಿ ನೋಡಬೇಕು. ಒಂದೇ ಹೆಸರಿನವರನ್ನು ಯಾವ ಕ್ರಮದಲ್ಲಿ ಬೇರ್ಪಡಿಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದುಡ್ಡು ಕರಗಿದ್ದು ಡಿಎನ್‌ಎಗೆ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ನೋಡುವ ಎರಡು ವೈ-37 ಕಿಟ್‌ಗೆ 250 ಡಾಲರ್ ಆಸುಪಾಸು. ಗಂಡು ಸಂತತಿ ಒಂದೇ ಎಂದಿತು, ಯಾವ ಅಣ್ಣನ ಕವಲೆಂದು ಹೇಳಲಿಲ್ಲ. ನಡುವೆ ಹಳೆಯ ಭೂಪಟ್ಟಾಗಳ ಚಕ್ಕುಬಂದಿಯನ್ನು ಒಂದು ಪೋಲ್‌ಗೆ 16.5 ಅಡಿಯಂತೆ ಕಾಗದದ ಮೇಲೆ ಬಿಡಿಸಿದೆ. ಗೆರೆ ಹಲವು ಸಲ ಕೂಡಲಿಲ್ಲ, ಆದರೂ ಹಳ್ಳದ ತಿರುವಿಗೆ ಹೊಂದಿಸಿದಾಗ ಅಕ್ಕಪಕ್ಕದವರು ಯಾರೆಂದು ತಿಳಿಯಿತು.

ಇಷ್ಟಾದ ಮೇಲೂ ಅನುಮಾನವಿದ್ದರೆ ಕೆಂಟಕಿ, ಟೆನೆಸಿಯ ಕೌಂಟಿ ಪುಸ್ತಕ ತೆರೆಯಿರಿ. ವಲಸೆ ಹೋದ ಮಕ್ಕಳು ಊರಿನ ಪಾಲು ಮಾರಲು ಕೊಟ್ಟ ಮುಖ್ತ್ಯಾರ್‌ಪತ್ರ ಅಲ್ಲಿಯೂ ದಾಖಲಾಗಿರುವುದುಂಟು, ತಂದೆಯ ಹೆಸರಿನ ಸಮೇತ.